ನಾಲ್ಕು ಸಾಲಿನ ಕೆಂಪು ದಾರ

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಹಸಿರಾಗಿತ್ತು ಎಂದು ನನ್ನ ನೆನಪು. ಅವ್ವ ಹಳದಿ ಎನ್ನುತ್ತಾಳೆ. ಅಪ್ಪನನ್ನು ಕೇಳಿದರೆ “ಉಗುರ ಯಾಂವ ನೋಡಿಕೋತ ಕುಂತಿದ್ದಾ?” ಎಂದು ಮಾತು ಮುರಿಯುತ್ತಾನೆ. ಉಗುರು ಉದ್ದವಾಗಿತ್ತು. ತುದಿ ಗಿಳಿಯ ಕೊಕ್ಕಿನಂತೆ ಸ್ವಲ್ಪ ಬಾಗಿತ್ತು. ಉಳಿದ ಒಂಬತ್ತು ಉಗುರುಗಳನ್ನು ವಾರಕ್ಕೊಮ್ಮೆ ಬ್ಲೇಡಿನಿಂದ ಕತ್ತರಿಸಿಕೊಂಡರೂ ಅದೊಂದನ್ನು ಮಾತ್ರ ಅವಳು ಮುಟ್ಟುತ್ತಿರಲಿಲ್ಲ. ಇಷ್ಟಕ್ಕೆ ಮೂವರದೂ ಒಪ್ಪಿಗೆಯಿದೆ.

ಈ ಬರಹದಲ್ಲಿ ಇಂಥದ್ದು ಇನ್ನೂ ಬರುತ್ತದೆ. ಆ ವರ್ಷ ನಮ್ಮ ಮನೆಯಲ್ಲಿ ನಡೆದದ್ದರಲ್ಲಿ ಯಾವುದನ್ನು ನಾನೇ ಕಂಡೆ, ಯಾವುದನ್ನು ಆಮೇಲೆ ಕೇಳಿ ಕಂಡಂತೆ ಮಾಡಿಕೊಂಡೆ ಎಂಬುದು ನನಗೇ ಖಚಿತವಿಲ್ಲ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುವಾಗ, ಒಬ್ಬನೇ ಒಬ್ಬ ಹೇಳಿದ್ದನ್ನು ಆಧಾರವೆಂದು ಹಿಡಿಯಬೇಡಿ ಎಂದು ಕಲಿಸಿದ್ದರು. ಇಲ್ಲಿ ಆ ಒಬ್ಬ ನಾನೇ.

ಅತ್ತೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ಮೇಡ್ಲೇರಿಯ ನಮ್ಮ ಮನೆಗೆ ಬಂದವಳು. ಆಗ ನಾನು ಎರಡನೆಯ ಇಯತ್ತೆಯಲ್ಲಿದ್ದೆ. ಬಂದ ಎಂಟು ದಿನಕ್ಕೇ ಬೀಜದ ಕೆಲಸಕ್ಕೆ ಹೋಗತೊಡಗಿದಳು. ರಾಣೇಬೆನ್ನೂರು ಸುತ್ತಮುತ್ತ ಬೀಜದ ಕೆಲಸವೆಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆಯವರಿಗೆ ಹೇಳಬೇಕು. ಟೊಮೆಟೊ ಮೊಗ್ಗು ಇನ್ನೂ ಅರಳುವ ಮೊದಲೇ, ಮಧ್ಯಾಹ್ನದ ಮೇಲೆ, ಅದನ್ನು ಉಗುರಿನಿಂದ ಬಿಡಿಸಿ ಒಳಗಿನ ಗಂಡು ಭಾಗವನ್ನು ಚಿಮಟದಿಂದ ಕಿತ್ತು ತೆಗೆಯುತ್ತಾರೆ. ಗುರುತಿಗೆ ಬುಡದ ಎರಡು ಹಸಿರು ಎಸಳು ಕತ್ತರಿಸುತ್ತಾರೆ. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂವಿನ ಪುಡಿಯನ್ನು ಅದಕ್ಕೆ ಮುಟ್ಟಿಸುತ್ತಾರೆ. ಪುಡಿ ತುಂಬಿಕೊಳ್ಳಲು ಬೆರಳಿಗೊಂದು ಉಂಗುರ, ಉಂಗುರದ ಮೇಲೊಂದು ಪುಟ್ಟ ಬಟ್ಟಲು. ಹಾಗೆ ಕಟ್ಟಿದ ಹಣ್ಣಿನ ಬೀಜ ಮಾತ್ರ ಕಂಪನಿಗೆ ಬೇಕು. ನಮ್ಮ ಕಣ್ಣು ತಪ್ಪಿಸಿ ಮೊಗ್ಗು ತಾನಾಗಿಯೇ ಅರಳಿ ಹಳದಿ ಬಿಟ್ಟಿದ್ದರೆ, ಅದು ತನ್ನ ಪುಡಿಯನ್ನು ತಾನೇ ತೆಗೆದುಕೊಂಡಿರುತ್ತದೆ. ಅದನ್ನು ಕಿತ್ತು ಚೀಲಕ್ಕೆ ಹಾಕಬೇಕು. ಅತ್ತೆ ಅಂಥ ಹೂವು ಕಂಡಾಗಲೆಲ್ಲ “ಇದರ ಲಗ್ನ ಆಗಿಹೋಗೇತಿ, ಬಿಡು” ಎನ್ನುತ್ತಿದ್ದಳು. ಇಡೀ ತಂಡ ಹಾಗೇ ಅನ್ನುತ್ತಿತ್ತು.

ಹತ್ತು ವರ್ಷದಲ್ಲಿ ಅವಳು ತಂಡದ ಮುಖ್ಯಸ್ಥಳಾದಳು. ಅಪ್ಪ ಹೊಲದಲ್ಲಿ ಹತ್ತು ಗುಂಟೆಯ ನೆಟ್‌ಹೌಸ್ ಹಾಕಿಸಿದ್ದೇ ಅವಳ ಕೈ ನಂಬಿ. ಬಲೆಯ ಗೋಡೆ, ಬಲೆಯ ಮಾಡು, ಒಳಗೆ ಇಪ್ಪತ್ತು ಸಾಲು. ಪ್ರತಿ ಸಾಲಿನ ತಲೆಗೆ ನಂಬರು ಬರೆದ ಒಂದು ಗೂಟ. ಕಂಪನಿಯವರಿಗೆ ಎಸಳು ಕತ್ತರಿಸಿದ ಗುರುತು ಸಾಕಿತ್ತು, ಅತ್ತೆಗೆ ಸಾಲುತ್ತಿರಲಿಲ್ಲ. ತಂಡದ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಉಣ್ಣೆ ದಾರ ಕೊಡುತ್ತಿದ್ದಳು. ಪುಡಿ ಮುಟ್ಟಿಸಿದ ಗೊಂಚಲಿಗೆ ಅವರವರ ದಾರದ ತುಂಡೊಂದನ್ನು ಸಡಿಲವಾಗಿ ಕಟ್ಟಬೇಕು. “ನಾಳೆ ಹಣ್ಣ ಹೇಳಬೇಕು, ಇದು ಯಾರ ಕೈಯಂದು ಅಂತ” ಎನ್ನುವಳು. ಅವಳ ದಾರ ಕೆಂಪು. ಅದನ್ನು ಬೇರೆ ಯಾರೂ ಕೇಳುತ್ತಿರಲಿಲ್ಲ.

ಇನ್ನೊಂದು ಪದ್ಧತಿಯಿತ್ತು. ಸಂಜೆ ಕೆಲಸ ಮುಗಿದ ಮೇಲೆ ಅವಳು ಗಿಡ ನೋಡುತ್ತಿರಲಿಲ್ಲ. ಒಬ್ಬೊಬ್ಬರ ಸೊಂಟದ ಚೀಲ ಬಿಚ್ಚಿಸಿ, ಕಿತ್ತು ಹಾಕಿದ್ದನ್ನು ಅಂಗೈಗೆ ಸುರಿದುಕೊಂಡು ನೋಡುತ್ತಿದ್ದಳು. ಅದರಲ್ಲಿ ನಾಲ್ಕಾದರೂ ಅರಳಿದ ಹೂವು ಇರಲೇಬೇಕು. ಏಕೆಂದರೆ ಎಷ್ಟೇ ಚುರುಕಿನ ಕಣ್ಣಾದರೂ ನಿನ್ನೆಯ ನಾಲ್ಕು ಮೊಗ್ಗು ತಪ್ಪಿಯೇ ತಪ್ಪಿರುತ್ತವೆ. ಚೀಲದಲ್ಲಿ ಅರಳಿದ ಹೂವೇ ಇಲ್ಲವೆಂದರೆ ಆಕೆ ಅವನ್ನೂ ಕೆಲಸದ ಲೆಕ್ಕಕ್ಕೆ ಸೇರಿಸಿದ್ದಾಳೆ ಎಂದೇ ಅರ್ಥ. ಹಾಗೆ ಕಟ್ಟಿದ ಹಣ್ಣನ್ನು ಹೊರಗಿನಿಂದ ಯಾರೂ ಗುರುತಿಸಲಾರರು. ಎಸಳು ಕತ್ತರಿಸಿರುತ್ತದೆ, ದಾರವೂ ಇರುತ್ತದೆ. ಬೀಜದ ಟೆಸ್ಟಿನಲ್ಲಿ, ಕಂಪನಿಯವರು ಮಾದರಿ ಬೀಜ ಬಿತ್ತಿ ಬೆಳೆಸಿ ನೋಡಿದಾಗ ಮಾತ್ರ ಬಣ್ಣ ಬಯಲಾಗುತ್ತದೆ. ಅಷ್ಟೊತ್ತಿಗೆ ಹಂಗಾಮು ಮುಗಿದಿರುತ್ತದೆ. ಟೆಸ್ಟು ಬಿದ್ದರೆ ಆ ಹಂಗಾಮಿನ ಬೀಜಕ್ಕೆಲ್ಲ ದುಡ್ಡಿಲ್ಲ.

ಈಗ ಆ ವರ್ಷಕ್ಕೆ ಬರುತ್ತೇನೆ.

ಅಪ್ಪ ಬ್ಯಾಡಗಿಯಲ್ಲಿ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಹೋದ ವರ್ಷದ ಮಾಲೇ ಕೋಲ್ಡ್ ಸ್ಟೋರೇಜಿನಲ್ಲಿ ಕೂತಿತ್ತು, ಹೊಸ ಮಾಲಿಗೆ ಗಿರಾಕಿ ಇರಲಿಲ್ಲ. ಸಾಹುಕಾರ ಮೊದಲು ಹಮಾಲರನ್ನು ಕಡಿಮೆ ಮಾಡಿದ, ಆಮೇಲೆ ಅಪ್ಪನನ್ನು. “ಪ್ಯಾಟಿ ಎದ್ದ ಮ್ಯಾಲೆ ಫೋನ್ ಮಾಡ್ತೀನಿ” ಅಂದನಂತೆ. ಅಪ್ಪ ಆ ಫೋನನ್ನು ಊಟಕ್ಕೆ ಕುಳಿತಾಗಲೂ ತಾಟಿನ ಪಕ್ಕ ಇಟ್ಟುಕೊಳ್ಳುತ್ತಿದ್ದ. ಅದಾಗಿ ಎರಡು ತಿಂಗಳಿಗೆ ನಾನು ಹಾವೇರಿಯಿಂದ ಬಂದೆ. ಅಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕನಾಗಿದ್ದೆ. ಮಕ್ಕಳು ಸೇರಲಿಲ್ಲ, ನನ್ನ ವಿಷಯ ನಿಂತಿತು. ಆ ವರ್ಷ ನಾನು ಪಾಠ ಮಾಡುತ್ತಿದ್ದದ್ದು ಆರ್ಥಿಕ ಹಿಂಜರಿತದ ಅಧ್ಯಾಯ.

ಅತ್ತೆ ಒಮ್ಮೆ ಕೇಳಿದಳು: “ಅಳಿಯಾ, ನೀ ಓದಿದಾಂವ. ಪ್ಯಾಟಿ ಯಾಕ ಕುಂತೈತಿ ಹೇಳು.”

ನಾನು ಬೇಡಿಕೆ, ದಾಸ್ತಾನು, ರಫ್ತು ಎಂದೆಲ್ಲ ವಿವರಿಸಿದೆ. ಅವಳು ಬಸಿಯಲ್ಲಿ ಚಹಾ ಆರಿಸುತ್ತ ಪೂರ್ತಿ ಕೇಳಿದಳು.

“ಅಂದ್ರ ತಗೊಳ್ಳಾವರ ಇಲ್ಲ ಅಂತ.”

“ಹೂಂ, ಹಂಗ ಅನ್ನಬಹುದು.”

“ಇಷ್ಟ ಹೇಳಾಕ ಎರಡ ವರ್ಸ ಧಾರವಾಡದಾಗ ಇದ್ದಿ?”

ಅವ್ವ ನಕ್ಕಳು. ಅಪ್ಪ ನಗಲಿಲ್ಲ. ಆ ತಿಂಗಳುಗಳಲ್ಲಿ ಅಪ್ಪನೂ ನಾನೂ ಒಂದೇ ಕೋಣೆಯಲ್ಲಿ ಕೂತರೆ ಅವ್ವ ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ಮಾಡುತ್ತಿರಲಿಲ್ಲ, ಮಾತು ಎಲ್ಲಿಂದ ಹೊತ್ತಿಕೊಳ್ಳುತ್ತದೋ ಎಂದು. ನಾನು ಪೇಪರು ಓದಿದರೆ “ಎಂ.ಎ. ಮಾಡಿಸಿದ್ದು ಪೇಪರ್ ಓದಾಕ” ಎನ್ನುವನು. ಓದದಿದ್ದರೆ “ಮೂಲ್ಯಾಗ ಕುಂತು ಏನ್ ಧ್ಯಾನಾ ಮಾಡ್ತಿ?” ಎನ್ನುವನು. ನಾನೂ ಸುಮ್ಮನಿರುವವನಲ್ಲ. “ನಿನ್ನ ಫೋನ್ ಬಂತೇನಪಾ?” ಎಂದು ಒಮ್ಮೆ ಕೇಳಿದೆ. ಅಪ್ಪ ಎದ್ದು ಹೊರಗೆ ಹೋದ. ಅಂದು ಅವ್ವ ನನ್ನ ಮುಂದೆ ತಾಟು ಇಟ್ಟ ರೀತಿ ನೆನಪಿದೆ. ಆದರೆ ಆ ಮಾತು ನಾನು ಜೋರಾಗಿ ಆಡಿದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ ಎಂದು ಈಗ ಅನುಮಾನ. ತಾಟು ಇಟ್ಟ ಸಪ್ಪಳ ನೋಡಿದರೆ ಆಡಿರಬೇಕು.

ಉಳಿದದ್ದು ನೆಟ್‌ಹೌಸ್ ಒಂದೇ. ಕಂಪನಿಗೂ ವ್ಯಾಪಾರ ಕುಸಿದು, ಊರಲ್ಲಿ ಬೀಜ ಬೆಳೆಯಲು ರೈತರಿಗೆ ಕೊಡುತ್ತಿದ್ದ ಪ್ಲಾಟುಗಳನ್ನು ಅರ್ಧಕ್ಕೆ ಇಳಿಸಿದ್ದರು. ಸೂಪರ್‌ವೈಸರ್ ನಮ್ಮ ಕಟ್ಟೆಯ ಮೇಲೆ ಕೂತು ಅಪ್ಪನಿಗೆ ಹೇಳಿದ್ದು ನಾನು ಕಿವಿಯಾರೆ ಕೇಳಿದ್ದೇನೆ: “ಕಾಕಾ, ನಿಮ್ಮ ತಂಗೀ ಕೆಲಸ ನೋಡಿ ನಿಮ್ಮ ಹೆಸರ ಇಟ್ಟೇನ್ರಿ. ಈ ಸಲ ಟೆಸ್ಟ್‌ನ್ಯಾಗ ಬಿದ್ದವರಿಗೆ ಮುಂದ ಪ್ಲಾಟ್ ಇಲ್ಲ. ಮ್ಯಾಲಿನವರ ಆರ್ಡರ್ ಐತಿ.” ಅಪ್ಪ ಚಹಾ ಕುಡಿಯದೆ ಬಸಿ ಕೆಳಗಿಟ್ಟ. ಮನೆಯ ನಾಲ್ಕು ಮಂದಿಯ ವರ್ಷದ ಅನ್ನ ಆ ಇಪ್ಪತ್ತು ಸಾಲಿನಲ್ಲಿತ್ತು.

ಆಳು ಹೆಚ್ಚು ಹಚ್ಚುವಂತಿರಲಿಲ್ಲ. ಅದೇ ವಾರವಿರಬೇಕು, ಅಪ್ಪನಿಗೂ ನನಗೂ ಇನ್ನೊಮ್ಮೆ ಹತ್ತಿಕೊಂಡಾಗ ಅತ್ತೆ ನಡುವೆ ಬಂದು, “ಅಣ್ಣಾ, ಇಂವಗ ಒಂದ ಚಿಮಟಾ ಕೊಡ್ತೀನಿ. ನೀ ನಿನ್ನ ಫೋನ್ ನೋಡಿಕೋತ ಇರು, ಇಂವಾ ಹೂವ ನೋಡಿಕೋತ ಇರ್ತಾನ. ಇಬ್ಬರೂ ದೂರ ಇರ್ರಿ” ಅಂದಳು.

ಅದು ಹೆಂಗಸರ ಕೆಲಸ. ತಂಡದಲ್ಲಿ ಆರು ಮಂದಿ, ಗಂಡಸು ನಾನೊಬ್ಬನೇ. ಮೊದಲ ದಿನ ಅತ್ತೆ ನನ್ನ ಬೆರಳಿಗೆ ಪುಡಿಯ ಉಂಗುರ ತೊಡಿಸುವಾಗ, ಕುಪ್ಪೇಲೂರಿನಿಂದ ಮದುವೆಯಾಗಿ ಬಂದಿದ್ದಕ್ಕೆ ಎಲ್ಲರೂ ಕುಪ್ಪೇಲೂರಾಕಿ ಎಂದೇ ಕರೆಯುತ್ತಿದ್ದ ಹೆಂಗಸು ಕೂಗಿದಳು: “ಏ, ಯಾರರೆ ಅಕ್ಷತಾ ತರ್ರೆವ್ವಾ! ಮಾಸ್ತರಗ ಉಂಗುರ ಹಾಕ್ಯಾರ!”

“ಹುಡುಗಿ ಯಾರಬೇ?” ಎಂದಳು ಇನ್ನೊಬ್ಬಳು.

“ಯಾರ್ಯಾಕ, ಸಾಲಿಗೆ ನೂರ ಮಂದಿ ನಿಂತಾರ. ಒಬ್ಬಾಕೀನೂ ಬ್ಯಾಡ ಅನ್ನಂಗಿಲ್ಲ!”

ನನ್ನ ಕಿವಿ ಬಿಸಿಯಾಯಿತು. ಅತ್ತೆ ನೀಲಿ ದಾರದ ಉಂಡೆ ನನ್ನ ಕೊರಳಿಗೆ ಹಾಕಿ ಸಾಲು ತೋರಿಸಿದಳು. ಧಾರವಾಡದ ಗೆಳೆಯರಿಗೆ ಕಳಿಸಿ ನಗಿಸಲೆಂದು ನಾನು ಫೋನಿನಲ್ಲಿ ಒಂದು ಫೋಟೋ ತೆಗೆಸಿಕೊಂಡೆ.

ಹತ್ತು ದಿನ ಚೆನ್ನಾಗಿ ಮಾಡಿದೆ. ಅತ್ತೆ ನನ್ನ ಪಕ್ಕ ಕೂತು ಕಲಿಸಿದಳು. ಬೈಯುತ್ತಿರಲಿಲ್ಲ. ನಾನು ಮೊಗ್ಗು ಹರಿದರೆ ತಾನೇ ನೋವಾದವಳಂತೆ “ಸ್ಸ್” ಎನ್ನುವಳು, ಅಷ್ಟೆ. ಸಂಜೆ ಕೈಗೆ ಹತ್ತಿದ ಕಪ್ಪು ಜಿಡ್ಡು ಸಾಬೂನಿಗೆ ಹೋಗುವುದಿಲ್ಲ. ಒಂದು ಹಸಿ ಟೊಮೆಟೊ ಒಡೆದು ಅದರ ರಸದಿಂದ ನನ್ನ ಬೆರಳು ಒಂದೊಂದಾಗಿ ತಿಕ್ಕಿ ತೊಳೆಯುತ್ತಿದ್ದಳು, ನನಗಾಗ ಇಪ್ಪತ್ತಾರು ವರ್ಷ.

ಆಮೇಲೆ ಬೇಸರ ಬಂತು. ಬಲೆಯ ಒಳಗೆ ಸೆಕೆ, ಕತ್ತು ನೋವು, ಹೆಂಗಸರ ಅದೇ ನಗೆಚಾಟಿಕೆ. ಹಾವೇರಿಯ ಇನ್ನೊಂದು ಕಾಲೇಜಿಗೆ ಅರ್ಜಿ ಹಾಕಿದ್ದೆ, ತಲೆಯೆಲ್ಲ ಅಲ್ಲೇ. ನನ್ನ ಗೊಂಚಲುಗಳು ಎಲ್ಲರಿಗಿಂತ ಕಡಿಮೆ ಇರುತ್ತಿದ್ದವು. ಸಂಜೆ ಬಾಗಿಲ ಹೊರಗೆ ನಿಂತ ಅಪ್ಪ, “ಎಂ.ಎ. ಎಷ್ಟ ಮಾಡಿತವ್ವಾ ಇವತ್ತ?” ಎಂದು ತಂಡದವರನ್ನು ಕೇಳುತ್ತಿದ್ದ. ಕುಪ್ಪೇಲೂರಾಕಿ ನನ್ನ ಪರವಾಗಿ ಒಂದಿಷ್ಟು ಕೂಡಿಸಿ ಹೇಳುತ್ತಿದ್ದಳು. ಅದು ಇನ್ನೂ ಕೆಟ್ಟದೆನಿಸುತ್ತಿತ್ತು.

ಒಂದು ಮಧ್ಯಾಹ್ನ ನನ್ನ ಸಾಲಿನಲ್ಲಿ ಹೂವು ತುಂಬ ಅರಳಿದ್ದವು. ಹಿಂದಿನ ದಿನ ನಾನು ಸರಿಯಾಗಿ ನೋಡಿರಲಿಲ್ಲ. ಅವನ್ನೆಲ್ಲ ಕಿತ್ತರೆ ಗೊಂಚಲೇ ಬೋಳು. ಮೊದಲನೆಯದನ್ನು ಕೀಳದೆ, ಅರಳಿದ ಹೂವಿನಿಂದಲೇ ಗಂಡು ಭಾಗ ತೆಗೆದು, ಎಸಳು ಕತ್ತರಿಸಿದೆ. ನೋಡಲು ಎಲ್ಲವುಗಳಂತೆಯೇ ಇತ್ತು. ಎರಡನೆಯದು ಸುಲಭವಾಯಿತು. ಮರುದಿನ ಬೆಳಿಗ್ಗೆ ಪುಡಿ ಮುಟ್ಟಿಸಿ ನೀಲಿ ದಾರ ಕಟ್ಟಿದೆ. ಹೀಗೆ ಎಷ್ಟು ದಿನ ಮಾಡಿದೆ? ನಾಲ್ಕು ಎಂದು ನನ್ನ ಲೆಕ್ಕ. ಬಹಳ ಕಾಲ ಎರಡು ಎಂದೇ ನಂಬಿಕೊಂಡಿದ್ದೆ. ಅಪ್ಪ ಆ ದಿನಗಳಲ್ಲಿ ಒಮ್ಮೆ “ಈಗ ಕೈ ಪಳಗೇತಿ ನೋಡು” ಅಂದ. ಆ ವರ್ಷ ಅವನು ನನಗೆ ಆಡಿದ ಒಳ್ಳೆಯ ಮಾತು ಅದೊಂದೇ.

ಅದೇ ದಿನಗಳ ಒಂದು ಸಂಜೆ ಅತ್ತೆ ಚೀಲ ನೋಡಲು ಬಂದಳು. ನನ್ನದನ್ನು ಅಂಗೈಗೆ ಸುರಿದುಕೊಂಡಳು. ಗಂಡು ಭಾಗಗಳ ಹಳದಿ ಚೂರು, ಹಸಿರು ಎಸಳಿನ ತುಣುಕು. ಅರಳಿದ ಹೂವು ಒಂದೂ ಇಲ್ಲ. ಆ ಉದ್ದ ಉಗುರಿನಿಂದ ಎಲ್ಲವನ್ನೂ ಒಮ್ಮೆ ಹರವಿ ನೋಡಿ, ಮತ್ತೆ ಚೀಲಕ್ಕೆ ಸುರಿದು, ಬಾಯಿ ಕಟ್ಟಿ ನನ್ನ ಕೈಗೆ ಕೊಟ್ಟಳು. ನನ್ನನ್ನು ನೋಡಿದಳೇ? ನೋಡಿದಳು ಎಂದು ಒಮ್ಮೆ ಅನಿಸುತ್ತದೆ. ಸಂಜೆಯ ಬೆಳಕು ಬಲೆಯಿಂದ ಸೋಸಿ ಅವಳ ಮುಖದ ಮೇಲೆ ಚೌಕ ಚೌಕ ಬಿದ್ದಿತ್ತು, ಕಣ್ಣು ಎತ್ತ ಇದ್ದವೋ ತಿಳಿಯಲಿಲ್ಲ. ಮುಂದಿನ ವಾರ ನನ್ನನ್ನು ಹೂವಿನಿಂದ ಬಿಡಿಸಿ ನೀರು, ಗೊಬ್ಬರದ ಕಡೆ ಹಾಕಿದಳು. “ಗಂಡಸ ಅದಿ, ಪೈಪ್ ಎಳಿ” ಅಂದಳು. ನನಗೆ ಸಮಾಧಾನವೇ ಆಯಿತು.

ಹಣ್ಣು ಇನ್ನೂ ಕಾಯಿಯಾಗಿದ್ದಾಗ ಹಾವೇರಿಯ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂತು. ಬೆಳಿಗ್ಗೆಯ ಬಸ್ಸಿಗೆ ಹೋಗಿ ಮಧ್ಯಾಹ್ನಕ್ಕೆ ಬಂದೆ. ಹೊಲದ ಹತ್ತಿರ ಬರುವಾಗಲೇ ಅಪ್ಪನ ಧ್ವನಿ ಕೇಳಿತು. ನೆಟ್‌ಹೌಸಿನ ಹೊರಗೆ ಹಸಿರು ಕಾಯಿಗಳ ಒಂದು ರಾಶಿ, ಹೆಂಗಸರ ಮೊಣಕಾಲೆತ್ತರ. ಅದರ ಪಕ್ಕ ಅತ್ತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ತಂಡದವರೆಲ್ಲ ಬಲೆಯ ಒಳಗೆ ಕೆಲಸ ಬಿಟ್ಟು ನಿಂತಿದ್ದರು. ಸೂಪರ್‌ವೈಸರ್ ತನ್ನ ಪುಸ್ತಕ ಹಿಡಿದು ಬೈಕಿಗೆ ಒರಗಿದ್ದ.

“ನಾಕ ಸಾಲ!” ಅಪ್ಪ ಕೂಗಾಡುತ್ತಿದ್ದ. “ನಾಕ ಸಾಲ ಬೋಳಿಸಿ ಹಾಕ್ಯಾಳ! ಯಾರ ಕೇಳಿ ಕಿತ್ತಿ?”

“ಸಂಶೆ ಬಂತ ಅಣ್ಣಾ. ಇಟ್ಟಿದ್ರ ಇಪ್ಪತ್ತೂ ಸಾಲ ಹೋಗತಿದ್ದುವು.”

“ಯಾರ ಸಾಲ ಅವು? ಹೇಳು, ಯಾರ ಮಾಡಿದ್ದು?”

ಇಲ್ಲಿ ನಾನು ಬಾಯಿ ಬಿಡಬೇಕಿತ್ತು. ನನಗೆ ಗೊತ್ತಿತ್ತು ಎಂದಲ್ಲ, ಗೊತ್ತಾಗುವ ಹಾದಿಯಲ್ಲಿದ್ದೆ. ಅಷ್ಟರಲ್ಲಿ ಅಪ್ಪ ಬಗ್ಗಿ ರಾಶಿಯಿಂದ ಒಂದು ಗೊಂಚಲು ಎತ್ತಿದ. ಅದಕ್ಕೆ ದಾರ ಇತ್ತು. ಕೆಂಪು. ಇನ್ನೊಂದು ಎತ್ತಿದ, ಅದೂ ಕೆಂಪು.

“ನಿನ್ನ ದಾರ ಐತಲ್ಲಬೇ ಇದು.”

“ಹೌದು. ನನ್ನವ. ಕಣ್ಣ ಮಂಜ ಆಗಾಕತ್ತಾವು. ಅರಳಿದ್ದು ಗೊತ್ತಾಗಲಿಲ್ಲ.”

ಅಪ್ಪ ಆ ಗೊಂಚಲನ್ನು ಅವಳ ಕಾಲ ಬಳಿ ಎಸೆದ. “ಕಣ್ಣ ಕಾಣದಾಕಿ ಈ ಮನೀ ಅನ್ನದ ಮ್ಯಾಲೆ ಯಾಕ ಕುಂತಿ?” ಎಂದ. ಈ ಮಾತನ್ನು ತಾನು ಆಡಿಲ್ಲ ಎನ್ನುತ್ತಾನೆ ಅಪ್ಪ. ಅವ್ವ ಅಲ್ಲಿರಲಿಲ್ಲ. ನಾನು ಕೇಳಿದೆನೆಂದೇ ನಂಬಿದ್ದೇನೆ. ಕುಪ್ಪೇಲೂರಾಕಿ ಬಲೆಯ ಒಳಗಿನಿಂದ “ಯಣ್ಣಾ, ಅದು ಹಂಗಲ್ಲ…” ಎಂದು ಶುರು ಮಾಡಿದಳು. ಅತ್ತೆ ತಿರುಗಿ, “ನೀ ನಿನ್ನ ಕೆಲಸಾ ಮಾಡಬೇ” ಎಂದಳು. ಅವಳು ತಂಡದವರಿಗೆ ಗದರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಕುಪ್ಪೇಲೂರಾಕಿ ನನ್ನ ಕಡೆ ನೋಡಿದಳು. ಸೂಪರ್‌ವೈಸರ್ ಪುಸ್ತಕದಲ್ಲಿ ಏನೋ ಬರೆದುಕೊಂಡು, ತಲೆ ಎತ್ತದೆ ಬೈಕು ಚಾಲು ಮಾಡಿದ.

ನನಗೆ ಆಶ್ಚರ್ಯವಾಗಿತ್ತು. ಕೆಂಪು ದಾರ ಇದೆಯೆಂದರೆ ಅವಳ ಸಾಲುಗಳೇ ಇರಬೇಕು. ಅವಳಿಗೂ ವಯಸ್ಸಾಯಿತು, ಕಣ್ಣು ಮಂಜಾಗಿರಬಹುದು. ನನ್ನ ಕಾಯಿಗಳು ಇನ್ನೂ ಒಳಗೇ ಇವೆ, ಟೆಸ್ಟಿನಲ್ಲಿ ಏನಾಗುತ್ತದೋ ನೋಡೋಣ. ಹೀಗೆ ಯೋಚಿಸಿದೆ. ಒಳಗೆ ಹೋಗಿ ಯಾವ ಗೂಟದ ಸಾಲು ಬೋಳಾಗಿದೆ ಎಂದು ನೋಡಲು ಇಪ್ಪತ್ತು ಹೆಜ್ಜೆ ಸಾಕಿತ್ತು. ಅಪ್ಪ ಕೆಂಪು ದಾರ ಕಂಡ ಮೇಲೆ ಒಳಗೆ ಕಾಲಿಡಲಿಲ್ಲ. ನಾನೂ ಹೋಗಲಿಲ್ಲ. ಸಂದರ್ಶನದ ಅಂಗಿ ಕೊಳೆಯಾಗುತ್ತದೆ ಎಂಬ ನೆಪ ಆಗ ನನಗೆ ನಿಜವಾದ ಕಾರಣದಂತೆಯೇ ಕಂಡಿತ್ತು.

ಆ ರಾಶಿಯನ್ನು ಅವ್ವ ಕೆಡಲು ಬಿಡಲಿಲ್ಲ. ನಾಲ್ಕೈದು ದಿನ ಎರಡು ಹೊತ್ತೂ ಹಸಿ ಟೊಮೆಟೊ ಚಟ್ನಿ, ಶೇಂಗಾ ಹಾಕಿ ಕುಟ್ಟಿದ್ದು. ಅಪ್ಪನೂ ತಂಗಿಯೂ ಒಬ್ಬರಿಗೊಬ್ಬರು ಬೇಕಾದ್ದನ್ನು ಅವ್ವನ ಮೂಲಕ ಕೇಳುತ್ತಿದ್ದರು. ಒಂದು ದಿನ ಅತ್ತೆ ನನ್ನ ತಾಟಿಗೆ ಇನ್ನೊಂದು ಚಮಚ ಚಟ್ನಿ ಹಾಕಿ “ತಿನ್ನು, ಛಲೋ ಆಗೇತಿ” ಅಂದಳು. ಬೇಡ ಎನ್ನಲಾಗಲಿಲ್ಲ.

ಅಪ್ಪ ತಂಡದ ಮೇಲ್ವಿಚಾರಣೆಯನ್ನು ಕುಪ್ಪೇಲೂರಾಕಿಗೆ ಕೊಟ್ಟ. ಅವಳು ಮೂರು ದಿನ ಬೇಡ ಎಂದು ಕೂತಳು, ಅತ್ತೆಯೇ ಹೋಗಿ ಒಪ್ಪಿಸಿ ಬಂದಳಂತೆ. ಅತ್ತೆ ಬೇರೆ ಹೊಲಕ್ಕೂ ಹೋಗಲಿಲ್ಲ. ಅವಳ ಕಣ್ಣಿನ ಸುದ್ದಿ ಊರೆಲ್ಲ ಹಬ್ಬಿತ್ತು, ಬೀಜದ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಗೆ ಹೊರಟಳು. ಅಪ್ಪ ಲೆಕ್ಕ ಬರೆಯುತ್ತಿದ್ದ ಪೇಟೆಯಲ್ಲೇ ತಂಗಿ ನೆಲದ ಮೇಲೆ ಕೂತು ತೊಟ್ಟು ಮುರಿದಳು. ಅಲ್ಲಿ ಉದ್ದ ಉಗುರಿನ ಕೆಲಸವಿಲ್ಲ. ಉಗುರಿನ ಸಂದಿಗೆ ಖಾರ ಹೊಕ್ಕರೆ ರಾತ್ರಿಯಿಡೀ ಉರಿಯುತ್ತದೆ ಎಂದು ಅದನ್ನೂ ಕತ್ತರಿಸಿದಳು. ಕತ್ತರಿಸಿದ್ದು ನಾನು ನೋಡಲಿಲ್ಲ. ಒಂದು ದಿನ ನನ್ನ ಮುಂದೆ ಚಹಾದ ಬಸಿ ಇಡುವಾಗ ಆ ಹೆಬ್ಬೆರಳು ಎಲ್ಲ ಬೆರಳಿನಂತೆ ಕಂಡಿತು.

ಕಾಲೇಜಿನ ಕೆಲಸ ನನಗೆ ಸಿಕ್ಕಿತು. ಹಾವೇರಿಗೆ ಹೋಗುವ ದಿನ ಅತ್ತೆಯೂ ನಾನೂ ರಾಣೇಬೆನ್ನೂರಿನವರೆಗೆ ಒಂದೇ ಬಸ್ಸಿನಲ್ಲಿ ಬಂದೆವು. ಬಸ್‌ಸ್ಟ್ಯಾಂಡಿನಲ್ಲಿ ಅವಳು ಬ್ಯಾಡಗಿಯ ಬಸ್ಸಿಗೆ ಕಾಯುತ್ತಿದ್ದಳು. ನಾನು ಶುರು ಮಾಡಿದೆ: “ಅತ್ತಿ, ಆ ಸಾಲಿನ ವಿಚಾರ…”

“ನಿಮ್ಮಪ್ಪನ ಸಿಟ್ಟು ನನಗ ಸಣ್ಣಾಕಿದ್ದಾಗಿಂದ ರೂಢಿ ಐತಿ” ಎಂದಳು. “ನಿನಗಿಲ್ಲ. ನೀವಿಬ್ಬರೂ ಮಾತ ಬಿಟ್ರ ನಿಮ್ಮವ್ವ ಎಲ್ಲಿ ಹೋಗಬೇಕು?”

“ಆದ್ರ ಅತ್ತಿ…”

“ಬಸ್ ಬಂತ ನೋಡು. ಲಗೂ ಹತ್ತು, ಸೀಟ ಸಿಗಂಗಿಲ್ಲ.”

ಇದು ನಡೆಯಿತು. ಆದರೆ ಅವಳು ಹೇಳಿದ್ದು ಆ ನಾಲ್ಕು ಸಾಲಿನ ಬಗ್ಗೆಯೋ, ಅಪ್ಪನಿಗೂ ನನಗೂ ದಿನಾ ನಡೆಯುತ್ತಿದ್ದ ಜಗಳದ ಬಗ್ಗೆಯೋ? ಎರಡೂ ಇರಬಹುದು. ನಾನು ಎರಡನೆಯದನ್ನೇ ಆರಿಸಿಕೊಂಡೆ. ಸಂಶಯಪಡುವುದನ್ನು ವಿದ್ಯೆಯೆಂದು ಕಲಿತವನಿಗೆ ಅದು ಅಡಗಿಕೊಳ್ಳಲು ಒಳ್ಳೆಯ ಜಾಗವೂ ಆಗುತ್ತದೆ.

ಟೆಸ್ಟಿನ ಫಲಿತಾಂಶ ಬಂದಾಗ ನಾನು ರಜೆಗೆ ಮನೆಯಲ್ಲಿದ್ದೆ. ಬೀಜ ಪಾಸಾಗಿತ್ತು. ಹದಿನಾರು ಸಾಲಿನ ಬೀಜಕ್ಕೆ ದುಡ್ಡು ಬಂತು, ಮುಂದಿನ ವರ್ಷಕ್ಕೆ ಪ್ಲಾಟೂ ಉಳಿಯಿತು. ಅಪ್ಪ ಬಹಳ ದಿನಗಳ ಮೇಲೆ ಮೀಸೆ ತಿರುವಿ ನಕ್ಕ. ಬ್ಯಾಡಗಿಯಿಂದ ಬಂದು ಬಚ್ಚಲಲ್ಲಿ ಕೈ ತೊಳೆಯುತ್ತಿದ್ದ ತಂಗಿಗೆ ಕೇಳುವ ಹಾಗೆ ಹೇಳಿದ: “ನೋಡು, ಆಕಿ ಕೈ ಹತ್ತದಿದ್ದರೂ ಪಾಸಾತು.”

ಬಚ್ಚಲಲ್ಲಿ ನೀರು ಸುರಿಯುವ ಸಪ್ಪಳ ನಿಲ್ಲಲಿಲ್ಲ. ಅವಳು ಹೊರಗೆ ಬಂದು, “ಛಲೋ ಆತ ಬಿಡಣ್ಣಾ” ಎಂದು ಒಲೆಯ ಕಡೆ ಹೋದಳು. ನಾನು ಅಲ್ಲೇ ಕೂತಿದ್ದೆ. ಕೈಯಲ್ಲಿ ಪೇಪರು ಇತ್ತು. ಅಪ್ಪ ಅವತ್ತು ಪೇಪರಿನ ಬಗ್ಗೆ ಏನೂ ಅನ್ನಲಿಲ್ಲ.

ಪೇಟೆ ಎದ್ದಿತು, ಅಪ್ಪನಿಗೆ ಬೇರೆ ಅಂಗಡಿಯಿಂದ ಫೋನು ಬಂತು. ನಾನು ಮೂರು ಕಾಲೇಜು ಬದಲಿಸಿ ಕೊನೆಗೆ ಒಂದರಲ್ಲಿ ನಿಂತೆ. ಅತ್ತೆ ಮಾತ್ರ ಬೀಜದ ಕೆಲಸಕ್ಕೆ ಮರಳಲಿಲ್ಲ. ಅಪ್ಪ ಒಂದೆರಡು ಸಲ ಅರ್ಧ ಮನಸ್ಸಿನಿಂದ ಕರೆದ. “ಕಣ್ಣ ಮಂಜ ಅಣ್ಣಾ” ಎನ್ನುತ್ತಿದ್ದಳು. ಆದರೆ ಸಂಜೆ ಕಟ್ಟೆಯ ಮೇಲೆ ಕೂತು, ಓಣಿಯ ಆಚೆ ತುದಿಯಲ್ಲಿ ಹೋಗುವವರು ಯಾರೆಂದು ಎಲ್ಲರಿಗಿಂತ ಮೊದಲು ಹೇಳುವವಳು ಅವಳೇ. ಇದನ್ನು ನಾವೆಲ್ಲ ನೋಡಿದ್ದೆವು. ಯಾರೂ ಎರಡನ್ನೂ ಸೇರಿಸಿ ನೋಡಲಿಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಎದೆನೋವು ಎಂದಳು. ಹಾವೇರಿಗೆ ಕರೆತರುತ್ತಿದ್ದೇವೆ, ಬಾ ಎಂದು ಅಪ್ಪ ಫೋನು ಮಾಡಿದ. ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾದೆ. ಗಾಡಿ ಬಂದಾಗ ಅಪ್ಪ ಹಿಂದಿನ ಸೀಟಿನಲ್ಲಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ದಾರಿಯಲ್ಲಿ ಅಗಡಿ ಊರು ದಾಟುವಾಗ ಮುಗಿಯಿತು ಎಂದ. ಅವಳ ಕೈ ಅವನ ಕೈಯಲ್ಲಿತ್ತು.

ದಿನಕರ್ಮ ಮುಗಿದ ಮೇಲೆ ಕುಪ್ಪೇಲೂರಾಕಿ ಬಂದಳು. ನನ್ನನ್ನು ಹಿತ್ತಿಲಿಗೆ ಕರೆದು, “ಮಾಸ್ತರ, ಈಗರೆ ನಿಮ್ಮಪ್ಪಗ ಹೇಳ್ರಿ” ಅಂದಳು.

“ಏನ ಹೇಳಲಿ?”

“ನೀವು ಇಂಟರ್ವ್ಯೂಕ ಹಾವೇರಿಗೆ ಹ್ವಾದ ದಿನಾ ನಸಿಕಿನ್ಯಾಗ ನಾನೂ ನಿಮ್ಮತ್ತೀನೂ ಕುಂತು ನೀಲಿ ಬಿಚ್ಚಿ ಕೆಂಪ ಕಟ್ಟೀವಿ. ಬ್ಯಾಡಬೇ ಅಂದ್ನಿ. ಅಣ್ಣಾ ಹುಡುಗನ್ನ ಮನೀ ಹೊರಗ ಹಾಕ್ತಾನ ಅಂದ್ಳು.”

ಅಂದು ರಾತ್ರಿಯೇ ಅಪ್ಪನಿಗೆ ಹೇಳಿದೆ. ಅಪ್ಪ, “ಆಕಿ ಹೇಳಿದ್ದು, ನೀ ನಂಬಿದ್ದು. ದುಃಖದಾಗ ಮಂದಿ ಏನೇನರೆ ನೆನಸಿಕೋತಾರ” ಎಂದ. ಸಾಕ್ಷಿ ಕೇಳುವುದನ್ನು ನಾನೇ ಆ ಮನೆಗೆ ತಂದಿದ್ದೆ. ಅವನಿಗೂ ಅಡಗಲು ಒಂದು ಜಾಗ ಬೇಕಿತ್ತು.

ಹಾಗಾಗಿ ರಾಣೇಬೆನ್ನೂರಿಗೆ ಹೋದೆ. ಆ ಸೂಪರ್‌ವೈಸರ್ ಈಗ ಬೀಜದ ಅಂಗಡಿ ಇಟ್ಟಿದ್ದಾನೆ. ಹಳೆಯ ತಪಾಸಣೆಯ ಪುಸ್ತಕಗಳನ್ನು ಎಸೆದಿರಲಿಲ್ಲ. ನಮ್ಮ ಪ್ಲಾಟಿನ ಪುಟವನ್ನು ಅವನೇ ಹುಡುಕಿ ಮುಂದಿಟ್ಟು ಗಿರಾಕಿಯ ಕಡೆ ತಿರುಗಿದ. ಪುಟದ ನಕಲು ತೆಗೆದುಕೊಂಡು ಮನೆಗೆ ಬಂದು, ನನ್ನ ಹಳೆಯ ಫೋನನ್ನು ಚಾರ್ಜಿಗೆ ಹಚ್ಚಿದೆ. ಗೆಳೆಯರನ್ನು ನಗಿಸಲು ತೆಗೆಸಿಕೊಂಡಿದ್ದ ಫೋಟೋ ಅದರಲ್ಲಿತ್ತು. ಎರಡನ್ನೂ ಅಪ್ಪನ ಮುಂದೆ ಇಟ್ಟೆ. ಅವನು ಕನ್ನಡಕ ಹಾಕಿಕೊಂಡು ಎರಡನ್ನೂ ನೋಡಿದ. ಆಮೇಲೆ ಕನ್ನಡಕ ತೆಗೆದು ಮಡಚಿದ, ಮತ್ತೆ ಬಿಚ್ಚಿದ, ಮತ್ತೆ ಮಡಚಿದ.

ಉಗುರಿನ ಬಣ್ಣ ನನಗೆ ಇನ್ನೂ ಗೊತ್ತಿಲ್ಲ. ಅವಳು ಆ ಸಂಜೆ ನನ್ನ ಮುಖ ನೋಡಿದಳೋ ಇಲ್ಲವೋ ಗೊತ್ತಿಲ್ಲ. ಗೊತ್ತಿರುವುದು ಇಷ್ಟು. ಬಾಗಿಲ ಬಳಿಯ ಒಂದರಿಂದ ನಾಲ್ಕನೆಯ ಸಾಲು ಪ್ರತಿ ವರ್ಷವೂ ಅತ್ತೆಯವು, ಅದನ್ನು ಅಪ್ಪನೂ ಒಪ್ಪುತ್ತಾನೆ. ಪುಸ್ತಕದಲ್ಲಿ ಅವುಗಳ ಮುಂದೆ ಏನೂ ಬರೆದಿಲ್ಲ. ‘ಕಾಯಿ ತೆಗೆದಿದೆ’ ಎಂದು ಬರೆದಿರುವುದು ಹನ್ನೊಂದರಿಂದ ಹದಿನಾಲ್ಕನೆಯ ಸಾಲಿನ ಮುಂದೆ. ಫೋಟೋದಲ್ಲಿ ನಾನು ನಗುತ್ತ ಒಂದು ಗೂಟ ಹಿಡಿದು ನಿಂತಿದ್ದೇನೆ, ಕೊರಳಲ್ಲಿ ನೀಲಿ ದಾರದ ಉಂಡೆ. ಗೂಟದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು ಹನ್ನೊಂದು.